ಮೂಲೆಯ ಎರಡು ಚೀಲ

ರೆಕಾರ್ಡಿಂಗಿನಲ್ಲಿ ಚೀಲ ಬೀಳುವ ಸದ್ದು ಅಷ್ಟೇನೂ ದೊಡ್ಡದಲ್ಲ. ಯಾರೋ ಹಾಸಿಗೆ ಕೊಡವಿದಂತೆ ಒಂದು ಧಸ್, ಹಿಂದೆಯೇ ಇನ್ನೊಂದು, ಆಮೇಲೆ ಒಂದರ ಮೇಲೊಂದು. ಗಿಟಾರಿನ ಒಂದು ತಂತಿ ಇನ್ನೂ ಗುಂಯ್‌ಗುಡುತ್ತಿರುವಾಗಲೇ ಅವಳ ಕೂಗು. ಇದನ್ನು ಎಷ್ಟು ಸಲ ಕೇಳಿದ್ದೇನೋ ಗೊತ್ತಿಲ್ಲ. ಈಗ ಕಾಲೇಜಿನ ಗ್ರಂಥಾಲಯದಲ್ಲಿ ಕಪಾಟಿನಿಂದ ಒಂದು ದಪ್ಪ ಪುಸ್ತಕ ಜಾರಿ ಬಿದ್ದರೂ ನನ್ನ ಬೆನ್ನು ಸೆಟೆದುಕೊಳ್ಳುತ್ತದೆ.

ಆ ಗ್ರಂಥಾಲಯ ನನ್ನ ನೌಕರಿ, ಹೊಸಪೇಟೆಯಲ್ಲಿ. ನನ್ನ ಇನ್ನೊಂದು ಕೆಲಸಕ್ಕೆ ಯಾರೂ ನೇಮಿಸಿಲ್ಲ. ನಮ್ಮ ಸುತ್ತಿನ ಹೊಸ ಸಂಗೀತದ ಬಗ್ಗೆ ತಿಂಗಳಿಗೊಂದು ಪತ್ರ ಬರೆದು, ಕೇಳಿದವರಿಗೆಲ್ಲ ಇಮೇಲಿನಲ್ಲಿ ಕಳಿಸುತ್ತೇನೆ. ಮದುವೆ ಮಂಟಪಕ್ಕೆ ಯಾರೂ ಕರೆಯದ, ಗಣೇಶನ ಪೆಂಡಾಲಿನಲ್ಲೂ ಮೈಕು ಸಿಗದ ಸಂಗೀತ ಅದು. ದೋಣಿಮಲೈ ಗಣಿಯ ಕ್ವಾರ್ಟರ್ಸಿನಲ್ಲಿ ಸ್ಟಾಫ್ ಬಸ್ಸಿನ ಎಂಜಿನ್ ಸದ್ದಿಗೆ ಮಾತು ಹೊಂದಿಸಿ ಹಾಡುವ ಅಣ್ಣತಮ್ಮಂದಿರು ಸಿಕ್ಕಿದ್ದು ಹೀಗೇ. ಹಂಪಿಯ ಅರ್ಚಕರ ಮನೆಯ ಸೊಸೆಯೊಬ್ಬರು ಗಂಟೆಯ ಒಂದೇ ಒಂದು ನಾದವನ್ನು ಲ್ಯಾಪ್‌ಟಾಪಿನಲ್ಲಿ ಎಳೆದೆಳೆದು ಅರ್ಧ ತಾಸು ಮಾಡುತ್ತಾರೆ. ಅವರು ಸಿಕ್ಕಿದ್ದೂ ಹೀಗೇ.

ನನಗೆ ನಾನೇ ಹಾಕಿಕೊಂಡ ನಿಯಮ ಒಂದಿದೆ. ಯಾರೋ ಕಳಿಸಿದ ಫೈಲು ಕೇಳಿ ಬರೆಯುವುದಿಲ್ಲ. ಅವರು ನುಡಿಸುವಲ್ಲಿಗೇ ಹೋಗಬೇಕು, ನನ್ನ ಅಂಗೈಯಗಲದ ರೆಕಾರ್ಡರಿನಲ್ಲಿ ಹಿಡಿದದ್ದನ್ನೇ ಪತ್ರದ ಜೊತೆ ಕಳಿಸಬೇಕು. ಒಮ್ಮೆ ಗಡಿಬಿಡಿಯಲ್ಲಿ ಅದನ್ನು ಒತ್ತುವುದನ್ನೇ ಮರೆತು ಸಂಡೂರಿನ ಒಂದು ಇಡೀ ಕಾರ್ಯಕ್ರಮ ಕಳೆದುಕೊಂಡಿದ್ದೆ. ಅಂದಿನಿಂದ ಜಾಗ ಹುಡುಕುವ ಮೊದಲೇ ಚಾಲೂ ಮಾಡಿಬಿಡುತ್ತೇನೆ.

ಕಂಪ್ಲಿಯ ಆ ರೈಸ್ ಮಿಲ್ಲಿಗೆ ಅಮಾವಾಸ್ಯೆಯ ದಿನ ರಜೆ. ಬೆಳಿಗ್ಗೆ ಯಂತ್ರಕ್ಕೂ ತೂಕದ ಕಾಟಾಕ್ಕೂ ಪೂಜೆ ಮಾಡಿ, ಕಾಯಿ ಒಡೆದು, ಹಮಾಲರು ಮನೆಗೆ ಹೋಗುತ್ತಾರೆ. ಮಧ್ಯಾಹ್ನದ ಮೇಲೆ ಗೋದಾಮಿನಲ್ಲಿ ನಮ್ಮ ಸಂಗೀತ. ಮಾಲೀಕರ ಅಕ್ಕನ ಮಗ ಗಿಟಾರ್ ನುಡಿಸುತ್ತಾನೆ. ವಡ್ಡು ಊರಿನವಳೊಬ್ಬಳು, ಉಕ್ಕಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಹಾಡುತ್ತಾಳೆ. ಶಿಫ್ಟಿನ ಸೈರನ್ನನ್ನು ಗಂಟಲಿಗೆ ತಂದುಕೊಂಡು ಅದರೊಳಗೆ ಮಾತು ಪೋಣಿಸುವುದು ಅವಳ ರೀತಿ. ತಗಡಿನ ಗೋದಾಮಿನಲ್ಲಿ ಇಂಥ ದನಿ ಕಿವಿ ಸೀಳಬೇಕಿತ್ತು. ಆದರೆ ಸುತ್ತಲೂ ಭತ್ತದ ಚೀಲಗಳನ್ನು ಎರಡಾಳೆತ್ತರಕ್ಕೆ ಪೇರಿಸಿದ್ದರು. ಅವು ಪ್ರತಿಧ್ವನಿಯನ್ನೆಲ್ಲ ನುಂಗುತ್ತಿದ್ದವು. ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಸ್ಟುಡಿಯೊ ಇಲ್ಲ ಎಂದು ಪತ್ರದಲ್ಲಿ ಬರೆದವಳೂ ನಾನೇ.

ಅವತ್ತು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಅವುಗಳ ಟೇಪಿನ ಹಾಡೆಲ್ಲ ಒಳಗೆ ಕೇಳುತ್ತಿತ್ತು.

"ಆ ಮೂಲ್ಯಾಗಿನ ಎರಡು ಚೀಲ ಎಳೆದ್ರ ಒಂದು ಗೂಡಾಗ್ತೈತಿ. ರೆಕಾರ್ಡರ್ ಅದರಾಗ ಇಡ್ತೀನಿ," ಎಂದೆ.

"ಹಮಾಲ್ರ ಮೇಸ್ತ್ರಿ ಬೈತಾನ್ರಿ ಅಕ್ಕಾ," ಎಂದ ಗಿಟಾರಿನವ.

"ಮೇಸ್ತ್ರಿ ಇವತ್ತು ಎಲ್ಲದಾನ?"

ಹಾಡುವವಳು ನಕ್ಕಳು. "ಎಳಿಯಪಾ. ಅಕ್ಕಾಗ ಹಾಡು ಹೆಂಗಾರ ಇರ್ಲಿ, ಗೂಡು ಚಂದ ಇರಬೇಕು."

ಹಮಾಲರ ಕೊಕ್ಕೆ ಹಾಕಿ ಮೂವರೂ ಸೇರಿ ಭುಜದೆತ್ತರದಲ್ಲಿದ್ದ ಎರಡು ಚೀಲ ಎಳೆದೆವು. ರೆಕಾರ್ಡರ್ ಗೂಡಿನಲ್ಲಿ ಅಚ್ಚುಕಟ್ಟಾಗಿ ಕೂತಿತು. ಕೇಳಲು ಬಂದ ಎಂಟು ಹತ್ತು ಜನ ಗಾಳಿಗೆಂದು ಬಾಗಿಲ ಬಳಿಯೇ ಕುಳಿತಿದ್ದರು. ಅದೊಂದೇ ನಮ್ಮ ಪುಣ್ಯ.

ಮೂರನೆಯ ಹಾಡಿನಲ್ಲಿ ಅವಳು ಚೀಲದ ಅಟ್ಟಿಗೆ ಬೆನ್ನು ಕೊಟ್ಟು ನೆಲಕ್ಕೆ ಕಾಲು ಬಡಿಯುತ್ತಿದ್ದಳು. ಮೇಲಿನ ಚೀಲವೊಂದು ಮೆಲ್ಲಗೆ ಬಾಗಿದ್ದನ್ನು ನಾನು ಕಂಡೆ. ಹಾಡಿಗೆ ತಲೆದೂಗಿದಂತೆ ಕಂಡಿತು. ನನಗೆ ನಗುವೂ ಬಂತು. ಆ ಒಂದು ಕ್ಷಣದಲ್ಲಿ "ಪಕ್ಕಕ್ಕೆ ಸರಿ" ಎಂದು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ರೆಕಾರ್ಡಿಂಗಿನಲ್ಲಿ ಆ ಕ್ಷಣ ಬರುವಾಗೆಲ್ಲ ನನ್ನ ಬಾಯಿ ತೆರೆದುಕೊಳ್ಳುತ್ತದೆ.

ದೂಳು ಇಳಿದಾಗ ಅವಳ ಸೊಂಟದವರೆಗೆ ಚೀಲ. ಮಿಲ್ಲಿನ ಹಿಂದಿನ ಓಣಿಯಿಂದ ಹಮಾಲರ ಮೇಸ್ತ್ರಿ ಬನಿಯನ್ನಿನಲ್ಲೇ ಓಡಿಬಂದರು, ಹಿಂದೆ ನಾಲ್ಕು ಜನ. ಅವಳ ಕೈ ಹಿಡಿದು ಎಳೆಯುತ್ತಿದ್ದ ನಮ್ಮನ್ನು ಪಕ್ಕಕ್ಕೆ ನೂಕಿದರು. "ಎಳೀಬ್ಯಾಡ್ರಿ! ಮ್ಯಾಲಿಂದು ಮೊದಲು. ಹ್ಞಾ, ಎತ್ತು... ಇಡು. ಎತ್ತು... ಇಡು." ಒಂದೂ ಚೀಲ ಮತ್ತೆ ಉರುಳದಂತೆ, ಒಂದೊಂದಾಗಿ ಇಳಿಸಿ ಅವಳನ್ನು ಹೊರತೆಗೆದರು. ಎಡಗಾಲು ಮುರಿದಿತ್ತು. ವ್ಯಾನು ಹೊಸಪೇಟೆಯ ಆಸ್ಪತ್ರೆಗೆ ಹೊರಟ ಮೇಲೆ ಮೇಸ್ತ್ರಿ ಚೀಲಗಳಡಿ ಸಿಕ್ಕ ರೆಕಾರ್ಡರ್ ಒರೆಸುತ್ತ ನನ್ನ ಹತ್ತಿರ ಬಂದರು. "ನಿಮ್ದೇನ್ರಿ ಇದು? ಇನ್ನಾ ದೀಪ ಹತ್ತೇ ಐತಿ."

ಮೂರು ದಿನದ ಮೇಲೆ ಗಿಟಾರಿನವನ ಫೋನು.

"ಅಕ್ಕಾ, ಮಾವ ಮೇಸ್ತ್ರೀನ ಕೆಲಸ ಬಿಡಿಸ್ಯಾನ್ರಿ. ಚೀಲದ ಥಪ್ಪಿ ಸರಿ ಹಚ್ಚಿಲ್ಲ, ಅದಕ್ಕ ಬಿತ್ತು ಅಂತ."

"ನಾವು ಚೀಲ ಎಳೆದದ್ದು ಹೇಳಿಲ್ಲೇನೋ?"

"ತಾನಾಗೇ ಬಿತ್ತು ಅಂದುಬಿಟ್ಟೀನಿ. ನೀವು ಬಾಯಿ ಬಿಟ್ರ ಗೋದಾಮು ಕೈ ಬಿಡ್ತೈತಿ. ಆಮ್ಯಾಗ ಎಲ್ಲಿ ಹಾಡಾದು, ಕಾಲುವಿ ದಂಡಿ ಮ್ಯಾಲೇನು? ನಿಮ್ಮ ಪತ್ರಕ್ಕ ಬರಿಯಾಕರ ಏನಿರ್ತೈತಿ?"

ಫೋನು ಇಟ್ಟೆ. ಪತ್ರದ ದಿನ ಹತ್ತಿರವಿತ್ತು. ರೆಕಾರ್ಡಿಂಗಿನ ಹಿಂದುಮುಂದು ಕತ್ತರಿಸಿ ಎರಡು ಹಾಡಷ್ಟೇ ಉಳಿಸಿದೆ. ಕೇಳಿದರೆ ಚೆನ್ನಾಗಿಯೇ ಇತ್ತು. ಕತ್ತರಿಸಿ ಬಿಸಾಡಿದ ಮೊದಲ ತುಂಡಿನಲ್ಲಿ ನನ್ನ ದನಿ ಇತ್ತು, ಮೇಸ್ತ್ರಿ ಇವತ್ತು ಎಲ್ಲದಾನ ಎಂದು ಕೇಳುತ್ತ. ಕೊನೆಯ ತುಂಡಿನಲ್ಲಿ ಮೇಸ್ತ್ರಿಯ ದನಿ, ಚೀಲಗಳಡಿಯಿಂದ ಮಂದವಾಗಿ. ನಡುವಿನ ಹಾಡು ಮಾತ್ರ ಕಳಿಸಿದರೆ, ಇದ್ದಲ್ಲಿಗೇ ಹೋಗಿ ಕೇಳುತ್ತೇನೆ ಎಂಬ ನನ್ನ ನಿಯಮಕ್ಕೆ ಏನು ಅರ್ಥ? ಕತ್ತರಿಸಿದ್ದನ್ನೆಲ್ಲ ಮತ್ತೆ ಜೋಡಿಸಿದೆ.

ಮೊದಲು ಆಸ್ಪತ್ರೆಗೆ ಹೋದೆ. ಕೂಗಿದ್ದು ಅವಳು, ಅವಳನ್ನು ಕೇಳದೆ ಯಾರಿಗೂ ಕೇಳಿಸುವಂತಿರಲಿಲ್ಲ. ಪ್ಲಾಸ್ಟರಿನ ಕಾಲು ಚಾಚಿ ಇಯರ್‌ಫೋನಿನಲ್ಲಿ ಕಣ್ಣು ಮುಚ್ಚಿ ಕೇಳಿದಳು.

"ಕೂಗು ಶ್ರುತಿಯೊಳಗ ಐತಲ್ಲಕ್ಕಾ," ಎಂದಳು. ನಾನು ಅತ್ತುಬಿಟ್ಟೆ. ಅವಳು ಬೈದಳು. "ಇಲ್ಲ್ಯಾಕ ಅಳ್ತಿ? ಹೋಗು, ಕಂಪ್ಲಿಗೆ ಹೋಗು. ನನ್ನ ಕಾಲು ಕೂಡ್ತೈತಿ. ಆ ಮನಷ್ಯಾನ ಹೆಸರು ಹೆಂಗ ಕೂಡ್ತೈತಿ?"

ಮೇಸ್ತ್ರಿ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಬೇರೆ ಮಿಲ್ಲುಗಳಲ್ಲೂ ಕೇಳಿದ್ದರಂತೆ. ಅವರು ಹಚ್ಚಿದ ಥಪ್ಪಿ ಬಿತ್ತೆಂಬ ಸುದ್ದಿ ಅವರಿಗಿಂತ ಮೊದಲೇ ಅಲ್ಲಿ ತಲುಪಿತ್ತು. ನಿಂತಲ್ಲೇ ಎಲ್ಲ ಹೇಳಿದೆ.

"ಮೂಲಿ ಚೀಲ ತೆಗದ್ರ್ಯಾ?" ಕೇಳಿ ಹಣೆ ಹಣೆ ಬಡಿದುಕೊಂಡರು. "ಮೂಲಿ ಚೀಲ! ಎಷ್ಟು ಓದೀರಿ ನೀವು?"

"ಎಂ.ಎ. ಮಾಡೀನ್ರಿ."

"ಅದಕ್ಕ. ನಮ್ಮ ಓಣ್ಯಾಗಿನ ಕೂಸಿಗೆ ಕೇಳಿದ್ರೂ ಹೇಳತಿತ್ತು. ಮೂಲಿ ಚೀಲ ಅಡ್ಡ ಕುಂತು ಉಳಿದದ್ದನ್ನ ಹಿಡೀತೈತ್ರಿ." ಎದ್ದು ನಿಂತರು. "ನನಗ ಹೇಳಿ ಏನಾತು? ನಾ ಬೀಳಿಸಿಲ್ಲ ಅಂಬೋದು ನನಗ ಗೊತ್ತೇ ಐತಿ. ಸಾವ್ಕಾರ್ರಿಗೆ ಹೇಳ್ರಿ."

ಸಾವ್ಕಾರರು ಹಣೆ ತುಂಬ ವಿಭೂತಿ ಧರಿಸಿ ಮಿಲ್ಲಿನ ಆಫೀಸಿನಲ್ಲಿದ್ದರು. "ಬರ್ರಿ, ಕುಂದ್ರಿ," ಎಂದು ಚಹಾ ತರಿಸಿದರು. ಅಳಿಯನೂ, ನಮ್ಮ ಗಿಟಾರಿನವ, ಅಲ್ಲೇ ಇದ್ದ. ನನ್ನ ಕೈಯಲ್ಲಿ ರೆಕಾರ್ಡರ್ ನೋಡಿ ನೆಲ ನೋಡತೊಡಗಿದ. ಮೊದಲಿಂದ ಕೊನೆಯವರೆಗೆ ಕೇಳಿಸಿದೆ. ಕೂಗು ಬಂದಾಗ ಸಾವ್ಕಾರರು ಲೋಟ ಕೆಳಗಿಟ್ಟರು. ಎತ್ತು, ಇಡು ಎಂಬ ದನಿಯೂ ಮುಗಿಯಿತು.

"ಇವನೌನ," ಎಂದರು ಅಳಿಯನತ್ತ ನೋಡಿ. ಆಮೇಲೆ ನನ್ನತ್ತ ತಿರುಗಿದರು. "ಇವತ್ತಿಂದ ನನ್ನ ಗೋದಾಮಿನ್ಯಾಗ ಹಾಡೂ ಇಲ್ಲ, ಪಾಡೂ ಇಲ್ಲ."

"ಆಗ್ಲಿರಿ."

"ಮತ್ತ ಇದನ್ನ ನನಗೊಬ್ಬಗ ಹೇಳಿದ್ರ ಸಾಲದು. ನಾಳಿ ಮುಂಜಾನೆ ಮೇಸ್ತ್ರೀನ ಕೆಲಸಕ್ಕ ಕರಸ್ತೀನಿ, ಹಮಾಲ್ರ ಮುಂದ ಹೇಳ್ರಿ. ಅವನ ಮರ್ಯಾದಿ ಬಿದ್ದದ್ದು ಅವರ ಮುಂದ."

ಹೊರಗೆ ಬಂದ ಮೇಲೆ ಗಿಟಾರಿನವ ನನ್ನೊಡನೆ ಮಾತಾಡಲಿಲ್ಲ. ಇನ್ನೂ ಮಾತಾಡಿಲ್ಲ.

ಪತ್ರವನ್ನು ಅಂದು ಸಂಜೆಯೇ ಕಳಿಸಿದೆ. ಮೂಲೆಯ ಚೀಲ ತೆಗೆಸಿದವಳು ನಾನು, ಎಂಬುದು ಮೊದಲ ಸಾಲು. ಕೂಗಿನ ಸಮೇತ ಇಡೀ ರೆಕಾರ್ಡಿಂಗ್ ಜೊತೆಗಿತ್ತು. ಆ ಜಾಗವನ್ನು ಹೊಗಳಿ ಹಿಂದೆ ಬರೆದದ್ದನ್ನು ಹಿಂತೆಗೆದುಕೊಂಡೆ. ಕೆಲವರು ಇನ್ನು ಮುಂದೆ ಪತ್ರ ಬೇಡ ಎಂದು ತಿಳಿಸಿದರು. ಹಂಪಿಯ ಸೊಸೆ ಮಾತ್ರ ಬರೆದರು: ನಮ್ಮ ಹಿತ್ತಲಲ್ಲಿ ಕಲ್ಲುಹಾಸಿದೆ, ಮೇಲೆ ಆಕಾಶವಷ್ಟೇ, ಬೀಳುವಂಥದ್ದು ಏನೂ ಇಲ್ಲ, ಅವಳ ಕಾಲು ನೆಟ್ಟಗಾದ ಮೇಲೆ ಕರೆದುಕೊಂಡು ಬನ್ನಿ.

ಮರುದಿನ ಮೊದಲ ಬಸ್ಸಿಗೆ ಕಂಪ್ಲಿಗೆ ಹೋಗಿ, ತೂಕದ ಕಾಟಾದ ಪಕ್ಕ ನಿಂತು ಹೇಳಿದೆ. ಹಮಾಲರಲ್ಲಿ ಒಬ್ಬ, "ಜೋರಾಗಿ ಹೇಳ್ರಿ ಅಕ್ಕಾರ, ಹಿಂದ ಕೇಳವಲ್ದು," ಎಂದ. ಜೋರಾಗಿ ಹೇಳಿದೆ. ಮೇಸ್ತ್ರಿ ಟವೆಲ್ಲು ತಲೆಗೆ ಸುತ್ತಿ ಗೋದಾಮಿಗೆ ನಡೆದರು. ಬಾಗಿಲಲ್ಲಿ ತಿರುಗಿ, "ಬರ್ರಿ, ನೋಡಬರ್ರಿ," ಎಂದರು.

ಉಳಿದಿದ್ದ ಅಟ್ಟಿಯನ್ನೂ ನೆಲದವರೆಗೆ ಬಿಚ್ಚಿಸಿ, ಹೊಸದಾಗಿ ಹಚ್ಚಿಸಿದರು. ಒಂದು ಸುತ್ತು ಉದ್ದ, ಮೇಲಿನ ಸುತ್ತು ಅಡ್ಡ, ಮೂಲೆಗೆ ಬಂದಾಗಲೆಲ್ಲ ಚೀಲದ ಬಾಯಿ ಒಳಮುಖ. ಎತ್ತು, ಇಡು. ಅಟ್ಟಿ ನನ್ನ ತಲೆ ದಾಟಿದಾಗ ಒಂದು ಹೆಜ್ಜೆ ಹಿಂದೆ ಸರಿದೆ. ಮೇಸ್ತ್ರಿ ನೋಡಿದರು. "ಒರಗ್ರಿ," ಎಂದರು. ನಾನು ಕದಲಲಿಲ್ಲ. "ನಾ ಹಚ್ಚಿದ್ದು. ಒರಗ್ರಿ."

ಒರಗಿದೆ. ಬೆನ್ನಿಗೆ ಸೆಣಬು ಚುಚ್ಚಿತು. ಅಟ್ಟಿ ಕದಲಲಿಲ್ಲ.

ಹೆಗಲ ಚೀಲದಿಂದ ರೆಕಾರ್ಡರ್ ತೆಗೆದು, "ನಿಮ್ಮ ಎತ್ತು-ಇಡು ಹಿಡಕೊಳ್ಳಲೇನ್ರಿ?" ಎಂದು ಕೇಳಿದೆ.

"ಹಿಡಕೋರಿ. ಆದ್ರ ನೆಲದ ಮ್ಯಾಲ ಇಡ್ರಿ ಅದನ್ನ," ಎಂದರು. ಹಮಾಲರೆಲ್ಲ ನಕ್ಕರು. ನೆಲದ ಮೇಲೆ ಇಟ್ಟು ಒತ್ತಿದೆ.