ಕರೆಂಟು ಹೋದಾಗ ಡಿ ಡ್ರೈವ್

ಅಕ್ಕ ಉಮರೇಡಿನ ಕಲ್ಲಿದ್ದಲು ಗಣಿಗಳ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದಳು. ನಮ್ಮ ನಾಗಪುರದ ಮನೆಯ ಕಂಪ್ಯೂಟರಿನಲ್ಲಿ ಸಿ ಡ್ರೈವ್ ತುಂಬಿಹೋದಾಗ, ಅದೇ ಡಿಸ್ಕಿನ ಡಿ ಡ್ರೈವಿನಿಂದ ಒಂದಷ್ಟು ಜಾಗ ತೆಗೆದು ಅದಕ್ಕೆ ಸೇರಿಸಲು ಒಂದು ಬೇಸಿಗೆಯ ಮಧ್ಯಾಹ್ನ ಕೂತೆ. ಡಿಯಲ್ಲಿದ್ದ ಅವಳ ಬರಹವನ್ನೆಲ್ಲ ಮೊದಲೇ ಫ್ಲಾಪಿಗಳಿಗೆ ಇಳಿಸಿದ್ದೆವು. ಗಣಿ ಕೆಲಸಗಾರರ ಫೋಟೋಗಳು ಮಾತ್ರ ಅವುಗಳಲ್ಲಿ ಹಿಡಿಸದೆ ಡಿಯಲ್ಲೇ ಉಳಿದಿದ್ದವು.

ಕೆಲಸ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು. ನಡುವೆ ನಿಂತರೆ ಡಿಯಲ್ಲಿದ್ದದ್ದೆಲ್ಲ ಹಾಳಾಗುತ್ತಿತ್ತು.

“ಮಾನಿಟರ್ ಬಂದ್ ಮಾಡೋಣು, ಬ್ಯಾಟರಿ ಉಳಿತೈತಿ” ಎನ್ನುತ್ತ ಅಕ್ಕ ತಾನೇ ಗುಂಡಿ ಒತ್ತಿದಳು.

ಕಪ್ಪು ಪರದೆಯ ಮುಂದೆ ಇಬ್ಬರೂ ಬೆವರುತ್ತ, ಡಿಸ್ಕಿನ ಕರಕರ ಸದ್ದಿಗೆ ಕಿವಿಗೊಟ್ಟು ಕೂತೆವು. ಯುಪಿಎಸ್ ಇನ್ನೂ ಜೋರಾಗಿ ಕೂಗಿತು. ಅಕ್ಕ ನನ್ನ ಮೊಣಕೈ ಹಿಡಿದಳು. ಅಷ್ಟರಲ್ಲಿ ಕರೆಂಟು ಬಂದು ತಲೆಯ ಮೇಲಿನ ಫ್ಯಾನ್ ತಿರುಗಿತು.

ಕೆಲಸ ಮುಗಿದ ಮೇಲೆ ಫೋಟೋಗಳೆಲ್ಲ ಅಲ್ಲೇ ಇದ್ದವು. ಒಂದೊಂದನ್ನೂ ತೆರೆದು, ಮುಖಗಳು ನೆಟ್ಟಗಿವೆಯೇ ಎಂದು ನೋಡಿದ ಮೇಲೆಯೇ ಅಕ್ಕ ನೀರು ಕುಡಿದಳು.