ಏಳೂ ಆಗಬೇಕು, ಹನ್ನೆರಡೂ ಆಗಬೇಕು

ನಮ್ಮ ಮನೆಯ ಟ್ರಂಕಿನ ತಳದಲ್ಲಿ, ಮದುವೆಯ ಪಂಚೆಯ ಮಡಿಕೆಯೊಳಗೆ, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಡಗಿ ಕೂತಿದೆ. ಗಣಿತದ ಎದುರು ಮೂವತ್ತೈದು. ಅದೂ ಎರಡನೆಯ ಸಲ ಕಟ್ಟಿ ತೆಗೆದದ್ದು. ಈಗ ನಾನು ತಿ. ನರಸೀಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಫೈಲು ಹಿಡಿದು ಓಡಾಡುವವನಾದ್ದರಿಂದ ನಮ್ಮೂರು ದೇವನೂರಿನಲ್ಲಿ ನಾನು ಲೆಕ್ಕದಲ್ಲಿ ಪಂಡಿತನೆಂದು ಹೆಸರು. ನಾನೂ ತಿದ್ದಲು ಹೋಗಲಿಲ್ಲ.

ಹೋದ ಚಳಿಗಾಲ ಆ ಹೆಸರಿಗೆ ಸಂಚಕಾರ ಬಂತು. ನನ್ನ ಹೆಂಡತಿ ಮಾದೇವಿ ಅಂಗನವಾಡಿಯಲ್ಲಿ ಸಹಾಯಕಿ. ಟೀಚರ್ ಆಗಬೇಕೆಂಬುದು ಅವಳ ಬಹುಕಾಲದ ಆಸೆ. ಅದಕ್ಕೆ ಮೊದಲು ಹತ್ತನೆಯ ಕ್ಲಾಸು ದಾಟಬೇಕು. ದಾಟಲು ಗಣಿತವೊಂದೇ ಬಾಕಿ. ಮೂರು ಸಲ ಡುಮ್ಕಿ ಹೊಡೆದಿದ್ದಳು.

"ಇದೇ ಕೊನೆ ಸಲ ಕಣ್ರೀ. ನೀವೇ ವಸಿ ತೋರ್ಸ್ಕೊಡಿ" ಎಂದಳು. ನನ್ನ ಕಣ್ಣು ಟ್ರಂಕಿನತ್ತ ಹೋಯಿತು.

ಪುಸ್ತಕ ತೆರೆದರೆ ಎಕ್ಸ್ ವರ್ಗ, ಪ್ಲಸ್ ಏಳು ಎಕ್ಸ್, ಪ್ಲಸ್ ಹನ್ನೆರಡು. ಇದನ್ನು ಅಪವರ್ತಿಸಬೇಕಂತೆ. ಅಂದರೆ ಎರಡು ಸಂಖ್ಯೆ ಹುಡುಕಬೇಕು. ಗುಣಿಸಿದರೆ ಹನ್ನೆರಡು, ಕೂಡಿದರೆ ಏಳು ಬರಬೇಕು. ನಮ್ಮ ಕಡೆ ಸಂಬಂಧ ನೋಡುವುದೂ ಹೀಗೆಯೇ. ಎರಡನ್ನೂ ಆರನ್ನೂ ಕೂರಿಸಿದೆ. ಗುಣಿಸಿದಾಗ ಒಪ್ಪಿದವು, ಕೂಡಿದಾಗ ಎಂಟಾಗಿ ಮಾತು ಮುರಿಯಿತು. ಒಂದಕ್ಕೂ ಹನ್ನೆರಡಕ್ಕೂ ವಯಸ್ಸಿನ ಅಂತರವೇ ಜಾಸ್ತಿ. ಹಿಂದಿನವರು ಗಣಿತವನ್ನು ಪದ್ಯದಲ್ಲಿ ಬರೆಯುತ್ತಿದ್ದರಂತೆ. ಜಾಣರು, ಉತ್ತರ ಬಾರದಿದ್ದರೂ ರಾಗವಾದರೂ ಉಳಿಯುತ್ತಿತ್ತು.

ನಾನು ಪೆನ್ಸಿಲ್ ಕಚ್ಚುತ್ತಾ ಕೂತಿದ್ದೆ. ಎದುರಿಗೆ ಮಾದೇವಿ ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಕೈ ನಿಲ್ಲಿಸಿ, "ಮೂರು, ನಾಕು ಅಲ್ವ್ರಾ?" ಎಂದಳು.

"ನಿಂಗೇ ಹೊಳೀಲಿ ಅಂತ ಸುಮ್ನಿದ್ದೆ" ಎಂದೆ, ಮುಖ ಗಂಟಿಕ್ಕಿಕೊಂಡು.

ಮಾರನೆಯ ದಿನ ಏಳರ ಜಾಗಕ್ಕೆ ಒಂದು, ಹನ್ನೆರಡರ ಹಿಂದೆ ಮೈನಸ್ಸು. ನಾನು ಮೈನಸ್ಸನ್ನು ನಾಲ್ಕಕ್ಕೆ ಹಚ್ಚಿ ಒದ್ದಾಡುತ್ತಿದ್ದೆ. "ದೊಡ್ದು ಸಮಾಧಾನ್ವಾಗಿರ್ಬೇಕು, ಚಿಕ್ದು ಮುನಿಸ್ಕಬೇಕು. ಇಲ್ದಿದ್ರೆ ಪ್ಲಸ್ಸು ಎಲ್ಲಿಂದ ಬತ್ತದೆ?" ಎಂದಳು. ಮೈನಸ್ಸು ಮೂರಕ್ಕೆ ಹೋಯಿತು, ಲೆಕ್ಕ ಕೂತಿತು. ಅವರೆಯ ಕಾಲ ಮುಗಿಯುವವರೆಗೆ ನಮ್ಮ ಪಾಠ ಹೀಗೇ ನಡೆಯಿತು. ನಾನು ತಡವರಿಸುವುದು, ಅವಳು ಬಿಡಿಸುವುದು, ಹಿತಕಿದ ಬೇಳೆ ಸಾರು ಉಣ್ಣುವುದು.

ನಂಜನಗೂಡಿನಲ್ಲಿ ಪರೀಕ್ಷೆ ಬರೆದಳು. ಅರವತ್ತೆರಡು ಬಂತು. ನನಗೆ ಕಣ್ಣು ತುಂಬಿತು. ಹೊಟ್ಟೆಯೂ ಚೂರು ಉರಿಯಿತು, ಸುಳ್ಳೇಕೆ ಹೇಳಲಿ?

ಅಂಕಪಟ್ಟಿ ಕೈಗೆ ಬಂದ ದಿನ ಅವಳು ಟ್ರಂಕಿನತ್ತ ಹೊರಟಳು. "ಕೊಡಿಲ್ಲಿ, ನಾನೇ ಇಡ್ತೀನಿ" ಎಂದು ಅಡ್ಡ ಹೋದೆ.

"ಬುಡಿ. ಆ ಮೂವತ್ತೈದ ಮದ್ವೆಯಾದ ವರ್ಸ್ವೇ ನೋಡಿವ್ನಿ."

"ಮತ್ತೆ ನನ್ನನ್ಯಾಕೆ ಕೇಳ್ದೆ?"

"ಗೊತ್ತಿರೋರು ಒಂದ್ ಗಳಿಗೇಲಿ ಮಾಡ್ಕೊಟ್ಬುಡ್ತಾರೆ. ನೀವು ತಡಕಾಡ್ತೀರಲ್ಲ, ಅಷ್ಟ್ರಲ್ಲಿ ನಂಗೇ ಗೊತ್ತಾಗ್ಬುಡ್ತದೆ."

ಈಗ ಎರಡು ಅಂಕಪಟ್ಟಿಗಳೂ ಒಂದೇ ಪಂಚೆಯ ಮಡಿಕೆಯಲ್ಲಿವೆ. ಗುಣಿಸುವುದು ನನ್ನಿಂದಾಗದು. ಕೂಡಿದರೆ ತೊಂಬತ್ತೇಳು. ಒಂದು ಮನೆಗೆ ಕಮ್ಮಿಯೇನಲ್ಲ.