ಪ್ರಾರ್ಥನೆಗೆಂದು ಹೇಳಿದ ಮಾತು

ನಿನ್ನ ಗುಟ್ಟನ್ನು ಬಯಲು ಮಾಡಿದ್ದು ಕಿರಣ್ ಅಲ್ಲ, ಪ್ರಿಸ್ಸಿ. ನಾನು. ಅವನು ಗೆಳೆಯರ ಮುಂದೆ ಜಂಭ ಕೊಚ್ಚಿಕೊಂಡ ಎಂದು ಇಷ್ಟು ವರ್ಷ ನೀನು ನಂಬಿದ್ದೀಯಲ್ಲ — ನಂಬಿಕೊಳ್ಳಲಿ ಎಂದು ಸುಮ್ಮನಿದ್ದವಳೂ ನಾನೇ.

ಆಗ ನಾವು ಎರಡನೇ ಪಿಯುಸಿ. ಕಿರಣ್ ನಮ್ಮ ಕ್ಲಾಸಿನವನು, ಸಮೇತನಹಳ್ಳಿಯ ರೈತರ ಮನೆಯ ಹುಡುಗ. ನಮ್ಮ ಚರ್ಚಿನ ಸಭೆಗೆ ಸೇರಿದವನಲ್ಲ. ಕ್ರಿಸ್ಮಸ್ ಕ್ಯಾರಲ್ಸ್‌ಗೆ ಡ್ರಮ್ ಬಾರಿಸುವವರು ಯಾರೂ ಇಲ್ಲವೆಂದು ಕರೆದರೆ ಖುಷಿಯಾಗಿ ಬಂದಿದ್ದ. ಒಂದು ಸಂಜೆ ಅಭ್ಯಾಸ ಮುಗಿಸಿ ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ನೀನು ನನ್ನ ಕೈ ಹಿಡಿದುಕೊಂಡೆ.

"ಲೇ, ಅವ್ನಂದ್ರೆ ನಂಗೆ ಇಷ್ಟ ಕಣೇ. ಅವ್ನಿಗೂ ಅಷ್ಟೇ. ಯಾರಿಗೂ ಹೇಳ್ಬೇಡ. ದೇವ್ರಿಗೂ ನಾನೇ ಹೇಳ್ಕೊತೀನಿ."

ನಾನು ನಕ್ಕೆ, ನಿನ್ನನ್ನು ರೇಗಿಸಿದೆ ಕೂಡ. ಆದರೆ ನನಗೂ ಅವನೆಂದರೆ — ಈಗ ಹೇಳಿಯೇ ಬಿಡುತ್ತೇನೆ — ಪ್ರಾಣ. ಅವನು ಅಭ್ಯಾಸಕ್ಕೆ ಬರುವ ದಿನ ಕನ್ನಡಿ ಬಿಟ್ಟು ಏಳುತ್ತಲೇ ಇರಲಿಲ್ಲ ನಾನು. ಅವನು ನನ್ನ ಹತ್ತಿರ ಬಂದು ಮಾತನಾಡಿಸುತ್ತಿದ್ದುದೆಲ್ಲ ನಿನ್ನ ವಿಷಯ ತಿಳಿದುಕೊಳ್ಳುವುದಕ್ಕೆ ಎಂದು ಆ ಸಂಜೆ ಅರ್ಥವಾಯಿತು.

ಅದೇ ಶನಿವಾರ ಯೌವನಸ್ಥರ ಕೂಟ. ಜ್ವರವೆಂದು ನೀನು ಬಂದಿರಲಿಲ್ಲ. ಕೂಟದ ಕೊನೆಗೆ ಎಲ್ಲರೂ ಸುತ್ತ ಕೂತು ಒಬ್ಬೊಬ್ಬರಾಗಿ ಪ್ರಾರ್ಥನೆಯ ವಿಷಯ ಹೇಳುತ್ತೇವಲ್ಲ — ಅಜ್ಜಿಯ ಮಂಡಿನೋವು, ಅಣ್ಣನ ಕೆಲಸ, ಪರೀಕ್ಷೆ. ಕೂಟ ನಡೆಸುವ ಸುಗುಣ ಆಂಟಿ ನನ್ನ ಕಡೆ ತಿರುಗಿ, "ನಿಂದೇನಮ್ಮಾ?" ಎಂದರು. ಏನೂ ಇಲ್ಲ ಎನ್ನಬಹುದಿತ್ತು.

"ನಮ್ ಪ್ರಿಸ್ಸಿ ಒಂದು ಶೋಧನೇಲಿದ್ದಾಳೆ ಆಂಟಿ, ಮನಸ್ಸು ದಾರಿ ತಪ್ತಿದೆ. ಸಮೇತನಹಳ್ಳಿ ಕಿರಣ್ ವಿಷ್ಯವಾಗಿ. ಅವಳಿಗೋಸ್ಕರ ಪ್ರಾರ್ಥನೆ ಮಾಡ್ಬೇಕು."

ಹೇಳುವಾಗ ಕಣ್ಣಲ್ಲಿ ನೀರು ಬಂತು. ಅಳು ಸುಳ್ಳಲ್ಲ ಕಣೇ — ನಿನಗಾಗಿ ಅಲ್ಲ, ಅಷ್ಟೇ. ಬೇರೆ ಎಲ್ಲಾದರೂ ಹೇಳಿದ್ದರೆ ಚಾಡಿ ಎನ್ನುತ್ತಿದ್ದರು. ಅಲ್ಲಿ ಹೇಳಿದ್ದಕ್ಕೆ ಎಲ್ಲರೂ ಕಣ್ಣು ಮುಚ್ಚಿದರು, ಆಂಟಿ ನನ್ನ ತಲೆ ಸವರಿದರು. ದೇವರನ್ನೇ ಅಡ್ಡ ಇಟ್ಟುಕೊಂಡು ನಿನ್ನ ಬೆನ್ನಿಗೆ ಚೂರಿ ಹಾಕಿದೆ. ಥೂ, ಬರೆಯುವಾಗಲೂ ಮೈ ಉರಿಯುತ್ತದೆ.

ಪ್ರಾರ್ಥನೆ ಮುಗಿದು ನಾವು ಚಪ್ಪಲಿ ಮೆಟ್ಟುವಷ್ಟರಲ್ಲಿ ಸುದ್ದಿ ಹೊರಟಿತ್ತು. ನಿಮ್ಮಪ್ಪ ನಿನ್ನನ್ನು ಕಾಲೇಜು ಬಿಡಿಸಿ ಕೆಜಿಎಫ್‌ಗೆ, ನಿಮ್ಮಜ್ಜಿಯ ಮನೆಗೆ ಕಳುಹಿಸಿದರು. ಕಿರಣ್‌ಗೆ ಸಭೆಯವರು ಇನ್ನು ಬರಬೇಡ ಎಂದರು. ಕ್ರಿಸ್ಮಸ್ ದಿನ ನೀನು ಹಾಡಬೇಕಿದ್ದ ಹಾಡನ್ನು ನನಗೆ ಕೊಟ್ಟರು. ಹಾಡಿದೆ — ಚೆನ್ನಾಗಿಯೇ ಹಾಡಿದೆ.

ಒಂದು ವರ್ಷ ಕಳೆದು ನೀನು ವಾಪಸು ಬಂದೆ. ಚೀಲವನ್ನು ಮನೆಯಲ್ಲಿಟ್ಟವಳೇ ಸೀದಾ ನಮ್ಮ ಮನೆಗೆ ಬಂದು ನನ್ನನ್ನು ತಬ್ಬಿಕೊಂಡೆ.

"ಆ ಕಿರಣ್ ಬಾಯ್ಬಡ್ಕ, ಊರೆಲ್ಲ ಹೇಳ್ಕೊಂಡು ಬಂದ. ಎಲ್ರಿಗೂ ಗೊತ್ತಾದ್ಮೇಲೆ ನೀನೊಬ್ಳೇ ನಂಗೋಸ್ಕರ ಅತ್ತು ಪ್ರಾರ್ಥನೆ ಮಾಡ್ಸಿದ್ದಂತೆ. ಸುಗುಣ ಆಂಟಿ ಹೇಳಿದ್ರು. ಥ್ಯಾಂಕ್ಸ್ ಕಣೇ."

"ಇರ್ಲಿ ಬಿಡೇ," ಎಂದೆ.

ಕೂಟದಲ್ಲಿ ಹೇಳಿದ್ದು ಹೊಟ್ಟೆಕಿಚ್ಚಿನಲ್ಲಿ. ಇದನ್ನು ಹೇಳಿದ್ದು ತಣ್ಣಗೆ, ಎಲ್ಲ ಗೊತ್ತಿದ್ದು. ಇದೇ ದೊಡ್ಡ ಪಾಪ. ಆಗ ಚಿಕ್ಕ ವಯಸ್ಸು ಎನ್ನುವುದಿಲ್ಲ. ನಿನಗೂ ಅದೇ ವಯಸ್ಸಲ್ಲವೇ?

ಆ ಮೇಲೆ ನೀನು ನನಗೆ ಮಾಡಿದ್ದನ್ನೆಲ್ಲ ನೆನೆಸಿಕೊಂಡರೆ... ಅಮ್ಮನಿಗೆ ಡೆಂಗ್ಯೂ ಆದಾಗ ಆಸ್ಪತ್ರೆಯ ನೆಲದ ಮೇಲೆ ನನ್ನ ಪಕ್ಕ ಮಲಗಿದವಳು ನೀನು. ಡಿಗ್ರಿಯಲ್ಲಿ ಫೇಲಾಗಿ, ಪ್ರಾರ್ಥನೆಯೂ ಬೇಡ ಸಭೆಯೂ ಬೇಡ ಎಂದು ನಾನು ಮುಸುಕು ಹೊದ್ದು ಬಿದ್ದಿದ್ದಾಗ ಹೊದಿಕೆ ಎಳೆದು, "ಏಳೇ ಸೋಮಾರಿ, ದೇವ್ರೇನು ಮಾರ್ಕ್ಸ್ ಕಾರ್ಡ್ ಕೇಳ್ತಾನಾ?" ಎಂದವಳೂ ನೀನೇ. ಅವತ್ತು ಎಷ್ಟು ನಕ್ಕೆವು! ನನ್ನಲ್ಲಿ ಇವತ್ತು ಚೂರು ನಂಬಿಕೆ ಉಳಿದಿದ್ದರೆ ಅದು ನೀನು ಉಳಿಸಿಕೊಟ್ಟದ್ದು. ನಿನ್ನನ್ನು ನನಗೆ ಕೊಟ್ಟಿದ್ದಕ್ಕೆ ದಿನಾ ಬೆಳಿಗ್ಗೆ ಸ್ತೋತ್ರ ಹೇಳುತ್ತೇನೆ. ಹೇಳಿದ ಮೇಲೆ ಪ್ರತಿ ಸಲವೂ ಈ ಸುಳ್ಳು ನೆನಪಾಗುತ್ತದೆ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಕಿರಣ್ ಸಿಕ್ಕಿದನಲ್ಲ, ನೀನು ಮುಖ ತಿರುಗಿಸಿ ಬಸ್ ಹತ್ತಿದೆಯಲ್ಲ. ಅವನು ನನ್ನ ಹತ್ತಿರ ಬಂದ. "ನಾನೇನ್ ತಪ್ಪು ಮಾಡ್ದೆ ಅಂತ ಅವಳನ್ನ ಒಂದ್ಸಲ ಕೇಳ್ತೀಯಾ?" ಎಂದ. ಅಯ್ಯೋ ಪಾಪ — ಇಷ್ಟು ವರ್ಷ ಅದನ್ನೇ ಯೋಚಿಸುತ್ತಿದ್ದಾನೆ. ಅಲ್ಲೇ ಎಲ್ಲ ಹೇಳಿಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. "ನಂಗ್ ಹೇಳಿ ಏನ್ ಪ್ರಯೋಜನ? ಅವ್ಳಿಗ್ ಹೇಳು," ಎಂದ.

ಹೇಳಿದ್ದೇನೆ. ಇವತ್ತು ಸಂಜೆ ಸುಗುಣ ಆಂಟಿಗೂ, ಆಮೇಲೆ ನಿಮ್ಮಪ್ಪನಿಗೂ ನಾನೇ ಹೋಗಿ ಹೇಳುತ್ತೇನೆ. ನಿಮ್ಮಪ್ಪ ಬಾಗಿಲು ಹಾಕಿದರೆ ಹಾಕಲಿ, ಬಾಗಿಲಾಚೆಯಿಂದಲೇ ಹೇಳುತ್ತೇನೆ.

ನನ್ನನ್ನು ಕ್ಷಮಿಸುವ ಅವಸರ ಮಾಡಬೇಡ, ಪ್ರಿಸ್ಸಿ. ನೀನು ಬೇಗ ಕರಗುವವಳು, ನನಗೆ ಗೊತ್ತು. ಕಿರಣ್ ನಂಬರ್ ಇನ್ನೂ ಅದೇ. ಮೊದಲು ಅವನ ಹತ್ತಿರ ಮಾತನಾಡು.